ಫ್ಲೈ ಲೈನ್ ಬದಲಿಸುವ ಮುನ್ನ: ಪೆಟ್ಟಿಗೆಯ ಮೇಲಿನ ಅಂಕಿ ಹೇಳದೆ ಬಿಡುವ ಸಂಗತಿಗಳು

ಸಾಮಾನ್ಯ ಗಾಳದಲ್ಲಿ ದಾರದ ತುದಿಗೆ ಕಟ್ಟಿದ ಸೀಸದ ಗುಂಡೋ ಲೋಹದ ಹುಸಿಮೀನೋ ತನ್ನ ಭಾರದಿಂದಲೇ ಮುಂದಕ್ಕೆ ಹಾರುತ್ತದೆ. ತೆಳುವಾದ ದಾರ ಅದರ ಬೆನ್ನಿಗೆ ರೀಲಿನಿಂದ ಬಿಚ್ಚಿಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಈ ಸಂಬಂಧ ತಲೆಕೆಳಗಾಗಿದೆ. ಕೊಕ್ಕೆಗೆ ಗರಿ, ತುಪ್ಪಳ, ನೂಲುಗಳನ್ನು ಸುತ್ತಿ ಕೀಟದಂತೆ ಕಾಣುವ ಹಾಗೆ ಮಾಡಿದ ಫ್ಲೈಗೆ ಹೇಳಿಕೊಳ್ಳುವಂಥ ತೂಕವೇ ಇಲ್ಲದ ಕಾರಣ, ಎಸೆತಕ್ಕೆ ಬೇಕಾದ ತೂಕವನ್ನು ಲೈನಿನಲ್ಲೇ ಇರಿಸಲಾಗಿದೆ. ರಾಡು ಬಾಗುವುದು ಲೈನಿನ ಭಾರಕ್ಕೆ, ಗಾಳಿಯಲ್ಲಿ ಕುಣಿಕೆಯಾಗಿ ಬಿಚ್ಚಿಕೊಳ್ಳುವುದು ಲೈನು, ಫ್ಲೈ ನೀರಿನ ಮೇಲೆ ಹಗುರವಾಗಿ ಇಳಿಯುತ್ತದೋ ದೊಪ್ಪನೆ ಬೀಳುತ್ತದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದೂ ಲೈನೇ. ಹೀಗಿದ್ದರೂ ಹವ್ಯಾಸ ಸ್ವಲ್ಪ ಕೈಗೂಡಿದ ಕೂಡಲೇ ಹೆಚ್ಚಿನವರು ಹಣ ಹಾಕುವುದು ಹೊಸ ರಾಡಿಗೆ. ಕಿಟ್‌ಗಳಲ್ಲಿ ರಾಡು, ರೀಲಿನ ಜೊತೆಗೆ ಬರುವ ಲೈನು ಅನೇಕ ವೇಳೆ ಆ ಮೂರರಲ್ಲಿ ಅತ್ಯಂತ ಅಗ್ಗದ್ದಾಗಿರುತ್ತದೆ. ಅದನ್ನೇ ಉಳಿಸಿಕೊಂಡು ದುಬಾರಿ ರಾಡು ಕೊಂಡವರಿಗೆ ಆ ರಾಡಿನ ಅರ್ಧ ಗುಣವೂ ಕಾಣುವುದಿಲ್ಲ. ಸಾಧಾರಣ ರಾಡಿಗೆ ಹೊಂದುವ ಒಳ್ಳೆಯ ಲೈನು ಹಾಕಿಕೊಳ್ಳುವುದೇ ಮೊದಲ ಹೆಜ್ಜೆಯಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಒಳ್ಳೆಯದು ಎಂದರೆ ದುಬಾರಿ ಎಂದೇ ಅರ್ಥವಲ್ಲ. ಲೈನಿನ ತೂಕ ಎಷ್ಟು, ಆ ತೂಕ ಅದರ ಉದ್ದದ ಯಾವ ಭಾಗದಲ್ಲಿ ಕೂತಿದೆ, ನೀವು ಮೀನು ಹಿಡಿಯುವ ದೂರಕ್ಕೂ ಹವೆಗೂ ಅದು ಒಪ್ಪುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದ ಮೇಲೆಯೇ ಬೆಲೆಯ ಮಾತು ಬರಬೇಕು.

ಲೈನಿನ ಒಳರಚನೆಯಿಂದ ಆರಂಭಿಸೋಣ. ಹಿಂದಿನ ಕಾಲದಲ್ಲಿ ಕುದುರೆಯ ಬಾಲದ ಕೂದಲನ್ನು ಹೆಣೆದು, ಆಮೇಲೆ ರೇಷ್ಮೆ ನೂಲನ್ನು ಹೆಣೆದು ಎಣ್ಣೆ ಹಾಯಿಸಿ ಲೈನು ಮಾಡುತ್ತಿದ್ದರು. ರೇಷ್ಮೆಯ ಲೈನು ತೆಳುವಾಗಿಯೂ ಮೃದುವಾಗಿಯೂ ಇರುತ್ತಿತ್ತು, ಆದರೆ ತೇಲಬೇಕಾದರೆ ಜಿಡ್ಡು ಸವರಬೇಕಿತ್ತು, ದಿನದ ಕೊನೆಗೆ ರೀಲಿನಿಂದ ಬಿಚ್ಚಿ ಒಣಗಿಸದಿದ್ದರೆ ಕೊಳೆಯುತ್ತಿತ್ತು. 1950ರ ದಶಕದಲ್ಲಿ ಹೆಣೆದ ನೂಲಿನ ಮೇಲೆ ಪ್ಲಾಸ್ಟಿಕ್ ಲೇಪಿಸಿದ ಲೈನುಗಳು ಮಾರುಕಟ್ಟೆಗೆ ಬಂದವು. ಇಂದಿನ ಲೈನು ಕೂಡ ಮೂಲತಃ ಅದೇ ಎರಡು ಪದರಗಳ ವಸ್ತು: ನಡುವೆ ಕೋರ್, ಅದರ ಸುತ್ತ ಕೋಟಿಂಗ್.

ಎಳೆತವನ್ನು ತಡೆಯುವುದು, ಎಷ್ಟು ಹಿಗ್ಗಬೇಕು ಎಂಬುದನ್ನು ನಿಗದಿಪಡಿಸುವುದು, ಲೈನಿನ ಬಿಗುವಿಗೆ ಬುನಾದಿ ಹಾಕುವುದು ಕೋರಿನ ಕೆಲಸ. ತಂಪು ಮತ್ತು ಸಮಶೀತೋಷ್ಣ ನೀರಿಗಾಗಿ ಮಾಡಿದ ಬಹುಪಾಲು ತೇಲುವ ಲೈನುಗಳಲ್ಲಿ ನೈಲಾನ್ ಎಳೆಗಳನ್ನು ಹೆಣೆದ ಕೋರ್ ಇರುತ್ತದೆ. ಅದು ಮೃದು, ರೀಲಿನ ಸುರುಳಿಯ ಆಕಾರವನ್ನು ಬೇಗ ಮರೆಯುತ್ತದೆ. ಒಂದೇ ಎಳೆಯ ನೈಲಾನ್, ಅಂದರೆ ಮೊನೊಫಿಲಮೆಂಟ್ ಕೋರ್, ಹೆಚ್ಚು ಬಿಗುವಾದದ್ದು, ಆದ್ದರಿಂದ ಬಿಸಿಲ ನಾಡಿನ ಸಮುದ್ರದಂಚಿನ ಲೈನುಗಳಲ್ಲಿ ಅದನ್ನು ಹೆಚ್ಚಾಗಿ ಬಳಸುತ್ತಾರೆ. ಹಿಗ್ಗುವಿಕೆ ಕಡಿಮೆ ಇರುವ ಕೋರುಗಳೂ ಈಗ ದೊರೆಯುತ್ತವೆ. ಅವುಗಳಲ್ಲಿ ಮೀನು ಮುಟ್ಟಿದ್ದು ಕೈಗೆ ಬೇಗ ತಿಳಿಯುತ್ತದೆ, ಕೊಕ್ಕೆ ನಾಟಿಸುವಾಗ ಎಳೆತ ವ್ಯರ್ಥವಾಗುವುದಿಲ್ಲ. ಆದರೆ ತೀರಾ ಸಣ್ಣ ಟಿಪೆಟ್, ಅಂದರೆ ಫ್ಲೈಗೆ ಕಟ್ಟುವ ಕೊನೆಯ ತೆಳು ದಾರ, ಬಳಸುವವರಿಗೆ ಲೈನಿನ ಅಲ್ಪ ಹಿಗ್ಗುವಿಕೆಯೇ ಒಂದು ರಕ್ಷಣೆ ಎಂಬುದನ್ನು ಇಂಥ ಲೈನುಗಳ ಜಾಹೀರಾತು ಹೇಳುವುದಿಲ್ಲ.

ಕೋಟಿಂಗ್ ಹೆಚ್ಚಾಗಿ ಪಿವಿಸಿ. ಕೆಲವು ತಯಾರಕರು, ಮುಖ್ಯವಾಗಿ ಏರ್‌ಫ್ಲೋ, ಪಾಲಿಯುರೆಥೇನ್ ಬಳಸುತ್ತಾರೆ. ಪಿವಿಸಿ ತನ್ನಷ್ಟಕ್ಕೆ ಗಟ್ಟಿಯಾದ ವಸ್ತು. ಅದನ್ನು ಬಳುಕುವಂತೆ ಮಾಡುವುದು ಅದರಲ್ಲಿ ಬೆರೆಸಿದ ಪ್ಲಾಸ್ಟಿಸೈಜರ್ ಎಂಬ ದ್ರವ. ವರ್ಷಗಳು ಕಳೆದಂತೆ, ಬಿಸಿಲು ಮತ್ತು ಶಾಖ ತಗಲಿದಂತೆ ಆ ದ್ರವ ಹೊರಕ್ಕೆ ಜಿನುಗಿ ಹೋಗುತ್ತದೆ. ಲೈನು ಗಡುಸಾಗಿ, ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ತೇಲುವ ಲೈನಿನ ಕೋಟಿಂಗ್‌ನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಟೊಳ್ಳು ಗಾಜಿನ ಗೋಲಿಗಳನ್ನು ಬೆರೆಸಿ ಸಾಂದ್ರತೆಯನ್ನು ನೀರಿಗಿಂತ ಕಡಿಮೆ ಮಾಡಿರುತ್ತಾರೆ. ಮುಳುಗುವ ಲೈನಿನಲ್ಲಿ ಅದೇ ಜಾಗದಲ್ಲಿ ಟಂಗ್‌ಸ್ಟನ್ ಪುಡಿ ಇರುತ್ತದೆ. ಹಳೆಯ ಲೈನಿನ ತುದಿ ಮೊದಲು ಮುಳುಗಲು ತೊಡಗುವುದು ಏಕೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ: ತುದಿಯಲ್ಲಿ ಕೋಟಿಂಗ್ ಅತ್ಯಂತ ತೆಳುವಾದ್ದರಿಂದ ಅಲ್ಲಿ ಗಾಜಿನ ಗೋಲಿಗಳೂ ಕಡಿಮೆ, ಬಿರುಕಿನ ಮೂಲಕ ಕೋರಿಗೆ ನೀರು ಹೊಕ್ಕರೆ ಉಳಿದಿದ್ದ ಅಲ್ಪ ತೇಲುವ ಶಕ್ತಿಯೂ ಹೋಗುತ್ತದೆ.

ಇನ್ನು ತೂಕ. ಗೊಂದಲ ಹೆಚ್ಚಾಗಿ ಇರುವುದೂ ಇಲ್ಲೇ. ಲೈನಿನ ಪೆಟ್ಟಿಗೆಯ ಮೇಲೆ 5 ಎಂದೋ 6 ಎಂದೋ ಇರುವ ಅಂಕಿಗೆ ಎಎಫ್‌ಟಿಎಂಎ ಎಂಬ ಅಮೆರಿಕದ ಮೀನುಗಾರಿಕೆ ಸಲಕರಣೆ ತಯಾರಕರ ಸಂಘ 1960ರ ದಶಕದ ಆರಂಭದಲ್ಲಿ ಗೊತ್ತುಮಾಡಿದ ಅಳತೆಯೇ ಆಧಾರ. ಅದಕ್ಕೂ ಮೊದಲು ಲೈನಿನ ದಪ್ಪವನ್ನು ಅಕ್ಷರಗಳಲ್ಲಿ ಸೂಚಿಸುತ್ತಿದ್ದರು. ರೇಷ್ಮೆ ಹೋಗಿ ಬೇರೆ ಬೇರೆ ಸಾಂದ್ರತೆಯ ಪ್ಲಾಸ್ಟಿಕ್ ಬಂದಾಗ ದಪ್ಪದಿಂದ ತೂಕವನ್ನು ಊಹಿಸುವುದು ಅಸಾಧ್ಯವಾಯಿತು. ಹೊಸ ಕ್ರಮದ ಪ್ರಕಾರ, ತುದಿಯ ಒಂದೇ ದಪ್ಪದ ಪುಟ್ಟ ತುಂಡನ್ನು ಬಿಟ್ಟು, ಲೈನಿನ ಮೊದಲ 30 ಅಡಿ, ಅಂದರೆ ಸುಮಾರು 9.1 ಮೀಟರ್, ಎಷ್ಟು ಗ್ರೇನ್ ತೂಗುತ್ತದೆ ಎಂಬುದರ ಮೇಲೆ ಅಂಕಿ ಕೊಡಲಾಗುತ್ತದೆ. 4ನೇ ಅಂಕಿಗೆ 120 ಗ್ರೇನ್, 5ಕ್ಕೆ 140, 6ಕ್ಕೆ 160, 7ಕ್ಕೆ 185, 8ಕ್ಕೆ 210. ಒಂದು ಗ್ರೇನ್ ಎಂದರೆ 0.065 ಗ್ರಾಮಿನಷ್ಟು, ಹಾಗಾಗಿ 5ರ ಲೈನಿನ ಮೊದಲ 30 ಅಡಿ ತೂಗುವುದು ಸುಮಾರು 9 ಗ್ರಾಂ, 6ರದ್ದು 10.4 ಗ್ರಾಂ. ರಾಡಿನ ಸ್ವಭಾವವನ್ನೇ ಬದಲಿಸಿಬಿಡುವ ಈ ಒಂದು ಅಂಕಿಯ ಅಂತರ ಕೇವಲ 1.3 ಗ್ರಾಮಿನದು.

ಈ ಅಳತೆ 30 ಅಡಿಯ ಆಚೆಗೆ ಏನಿದೆ ಎಂಬುದರ ಬಗ್ಗೆ ಏನನ್ನೂ ಹೇಳುವುದಿಲ್ಲ, ಈಚೆಗೆ ತೂಕ ಹೇಗೆ ಹಂಚಿದೆ ಎಂಬುದನ್ನೂ ಹೇಳುವುದಿಲ್ಲ. ಒಂದು ಲೆಕ್ಕ ಮಾಡಿ ನೋಡೋಣ. 5ರ ಲೈನಿನ ದಪ್ಪ ಭಾಗ ಅಡಿಗೆ ಸರಿಸುಮಾರು 5 ಗ್ರೇನ್ ತೂಗುತ್ತದೆ ಎಂದಿಟ್ಟುಕೊಳ್ಳಿ. ಮೀನು 30 ಅಡಿ ದೂರದಲ್ಲಿದ್ದು, ಲೈನಿಗೂ ಫ್ಲೈಗೂ ನಡುವೆ ಕಟ್ಟುವ ತೆಳು ದಾರವಾದ ಲೀಡರ್ 9 ಅಡಿ ಇದ್ದರೆ ರಾಡಿನ ತುದಿಯಿಂದ ಹೊರಗೆ ಇರುವ ಲೈನು 20 ಅಡಿಯ ಆಸುಪಾಸು ಮಾತ್ರ. ಅದರ ತೂಕ 140ರಿಂದ 50 ಕಳೆದರೆ ಸುಮಾರು 90 ಗ್ರೇನ್, ಇದು 3ರ ಲೈನಿನ ಪ್ರಮಾಣತೂಕವಾದ 100 ಗ್ರೇನಿಗಿಂತಲೂ ಕಡಿಮೆ. ಅದೇ ಲೈನಿನ 45 ಅಡಿಯನ್ನು ಗಾಳಿಯಲ್ಲಿ ಹಿಡಿದು ಆಡಿಸುವವನ ರಾಡಿನ ಮೇಲೆ, ಲೈನು ಅಷ್ಟು ದೂರವೂ ದಪ್ಪವಾಗಿಯೇ ಇದ್ದರೆ, 215 ಗ್ರೇನ್ ಭಾರ ಬೀಳುತ್ತದೆ, ಅಂದರೆ 8ರ ಲೈನಿನ ಪ್ರಮಾಣತೂಕಕ್ಕಿಂತ ಹೆಚ್ಚು. 5 ಎಂದು ಬರೆದ ಒಂದೇ ರಾಡಿಗೆ ಒಂದೇ ಲೈನಿನಿಂದ ಇಷ್ಟು ವ್ಯತ್ಯಾಸದ ಭಾರ ಬೀಳುವಾಗ, ಈ ರಾಡಿಗೆ ಯಾವ ಅಂಕಿಯ ಲೈನು ಸರಿ ಎಂಬ ಪ್ರಶ್ನೆಗೆ ಎಷ್ಟು ದೂರಕ್ಕೆ ಎಸೆಯುತ್ತೀರಿ ಎಂದು ಕೇಳದೆ ಉತ್ತರ ಕೊಡಲಾಗದು.

ತಯಾರಕರು ಇದನ್ನು ಅರಿತೇ ಇದ್ದಾರೆ. ಇತ್ತೀಚಿನ ರಾಡುಗಳು ಹೆಚ್ಚೆಚ್ಚು ಬಿಗುವಾಗುತ್ತ ಬಂದಿವೆ. ಹತ್ತಿರದ ಎಸೆತದಲ್ಲಿ ಪ್ರಮಾಣತೂಕದ ಲೈನು ಅವುಗಳನ್ನು ಬಾಗಿಸುವುದೇ ಇಲ್ಲ. ಪರಿಹಾರವಾಗಿ ಅರ್ಧ ಅಂಕಿ ಅಥವಾ ಒಂದು ಪೂರ್ಣ ಅಂಕಿ ಹೆಚ್ಚು ತೂಕವಿರುವ ಲೈನುಗಳನ್ನು ಅದೇ 5ರ ಹೆಸರಿನಲ್ಲಿ ಮಾರಲಾಗುತ್ತದೆ. ಸೈಂಟಿಫಿಕ್ ಆಂಗ್ಲರ್ಸ್‌ನ ಎಂಪಿಎಕ್ಸ್ ಅರ್ಧ ಅಂಕಿ ಭಾರ. ರಿಯೋ ಕಂಪನಿಯ ಗ್ರ್ಯಾಂಡ್ ಒಂದು ಅಂಕಿ ಭಾರ. ಇದರಲ್ಲಿ ಮೋಸವೇನೂ ಇಲ್ಲ, ತಯಾರಕರು ವಿವರದಲ್ಲಿ ಹೇಳಿಯೇ ಇರುತ್ತಾರೆ. ತೊಂದರೆ ಆಗುವುದು ಓದದೆ ಕೊಳ್ಳುವವರಿಗೆ. ಬಿಗು ರಾಡಿಗೆ ಒಂದು ಅಂಕಿ ಹೆಚ್ಚಿನ ಲೈನು ಹಾಕಿ ಎಂಬ ಹಳೆಯ ಸಲಹೆಯನ್ನು ಕೇಳಿ, ಈಗಾಗಲೇ ಒಂದು ಅಂಕಿ ಭಾರವಿರುವ 6ರ ಲೈನನ್ನು 5ರ ರಾಡಿಗೆ ಹಾಕಿದರೆ, ರಾಡಿನ ಮೇಲೆ ಬೀಳುವುದು 7ರ ತೂಕ. ಆ ರಾಡು ಆಗ ಎಸೆತದ ನಡುವೆ ಕುಸಿದಂತಾಗಿ, ಕುಣಿಕೆ ಅಗಲವಾಗುತ್ತದೆ, ಗಾಳಿಗೆ ಎದುರಾಗಿ ಲೈನು ಹೋಗುವುದೇ ಇಲ್ಲ. ದೂರು ಮಾತ್ರ ರಾಡಿನ ಮೇಲೆ ಬರುತ್ತದೆ. ಆದ್ದರಿಂದ ಅಂಕಿಯನ್ನು ಬದಿಗಿಟ್ಟು, ಮೊದಲ 30 ಅಡಿಯ ತೂಕ ಎಷ್ಟು ಗ್ರೇನ್, ಇಡೀ ಹೆಡ್‌ನ, ಅಂದರೆ ಲೈನಿನ ಮುಂದಿನ ದಪ್ಪ ಭಾಗದ, ತೂಕ ಎಷ್ಟು, ಹೆಡ್‌ನ ಉದ್ದ ಎಷ್ಟು ಎಂಬ ಮೂರು ವಿವರಗಳನ್ನು ಹುಡುಕಿ ಓದುವುದು ಒಳ್ಳೆಯದು. ಈಗಿರುವ ಲೈನಿನ ಹೆಸರು, ಅಂಕಿ ಎರಡೂ ಮರೆತುಹೋಗಿದ್ದರೆ ಗ್ರಾಮಿನ ಹತ್ತನೇ ಒಂದು ಭಾಗವನ್ನು ತೋರಿಸುವ ಚಿಕ್ಕ ತಕ್ಕಡಿಯ ಮೇಲೆ ಮೊದಲ 30 ಅಡಿಯನ್ನು ಸುರುಳಿ ಮಾಡಿಟ್ಟು, ಉಳಿದ ಲೈನು ತಟ್ಟೆಯನ್ನು ಎಳೆಯದಂತೆ ನೋಡಿಕೊಂಡರೆ ಸಾಕು, ಅಂಕಿ ತಾನೇ ತಿಳಿಯುತ್ತದೆ.

ತೂಕದ ಹಂಚಿಕೆಗೆ ಟೇಪರ್ ಎನ್ನುತ್ತಾರೆ. ಲೈನು ತುದಿಯಿಂದ ಆರಂಭವಾಗಿ ಕ್ರಮೇಣ ದಪ್ಪವಾಗುವ ಭಾಗ ಮುಂದಿನ ಟೇಪರ್. ನಡುವಿನ ದಪ್ಪ ಭಾಗ ಬೆಲ್ಲಿ. ಅಲ್ಲಿಂದ ಮತ್ತೆ ಸಣ್ಣದಾಗುವುದು ಹಿಂದಿನ ಟೇಪರ್. ಈ ಮೂರೂ ಸೇರಿ ಹೆಡ್. ಅದರ ಹಿಂದೆ ಕೊನೆಯವರೆಗೂ ಇರುವ ತೆಳು ಭಾಗ ರನ್ನಿಂಗ್ ಲೈನ್. ಈ ರಚನೆಗೆ ವೇಟ್ ಫಾರ್ವರ್ಡ್ ಎಂದು ಹೆಸರು, ಪೆಟ್ಟಿಗೆಯ ಮೇಲೆ ಡಬ್ಲ್ಯೂಎಫ್ ಎಂಬ ಸಂಕೇತ ಇರುತ್ತದೆ. ಡಬ್ಲ್ಯೂಎಫ್-5-ಎಫ್ ಎಂದರೆ ವೇಟ್ ಫಾರ್ವರ್ಡ್, 5ನೇ ಅಂಕಿ, ತೇಲುವಂಥದ್ದು. ಎಸೆದಾಗ ಆಗುವುದು ಚಾಟಿ ಬೀಸಿದಾಗ ಆಗುವಂಥದ್ದೇ. ಶಕ್ತಿ ದಪ್ಪ ಭಾಗದಿಂದ ತೆಳು ಭಾಗದ ಕಡೆಗೆ ಹರಿಯುತ್ತದೆ. ಚಲಿಸುವ ದ್ರವ್ಯರಾಶಿ ಕಡಿಮೆಯಾದಷ್ಟೂ ವೇಗ ಉಳಿಯುತ್ತದೆ, ಗಾಳಿಯ ತಡೆ ಆ ವೇಗವನ್ನು ತಿನ್ನುತ್ತ ಬರುತ್ತದೆ, ಎರಡರ ಸಮತೋಲನದಿಂದ ಕೊನೆಯಲ್ಲಿ ಲೀಡರ್ ಉರುಳಿ ನೇರವಾಗುತ್ತದೆ. ಮುಂದಿನ ಟೇಪರ್ ಗಿಡ್ಡವಾಗಿದ್ದರೆ ದಪ್ಪ ಭಾಗ ಫ್ಲೈಗೆ ಹತ್ತಿರದಲ್ಲೇ ಇರುವುದರಿಂದ ಬಹಳಷ್ಟು ಶಕ್ತಿ ತುದಿಯವರೆಗೆ ಉಳಿದು, ದೊಡ್ಡ ಗರಿಗಳ ಅಥವಾ ಭಾರ ಕಟ್ಟಿದ ಫ್ಲೈಯನ್ನೂ ಉರುಳಿಸಬಲ್ಲದು. ಆದರೆ ಸಪ್ಪಳವಿಲ್ಲದೆ ಇಳಿಯುವುದಿಲ್ಲ. ಟೇಪರ್ ಉದ್ದವಾಗಿದ್ದರೆ ಶಕ್ತಿ ದಾರಿಯಲ್ಲೇ ಕರಗಿ, ನಿಶ್ಚಲ ನೀರಿನ ಮೇಲೆ ಚಿಕ್ಕ ಡ್ರೈ ಫ್ಲೈ, ಅಂದರೆ ತೇಲುವ ಫ್ಲೈ, ಮೆಲ್ಲಗೆ ಕೂರುತ್ತದೆ. ಆದರೆ ಎದುರುಗಾಳಿಯಲ್ಲಿ ಲೀಡರ್ ರಾಶಿಯಾಗಿ ಬೀಳುತ್ತದೆ. ಎರಡನ್ನೂ ಸಮನಾಗಿ ಮಾಡುವ ಲೈನು ತಯಾರಾಗಿಲ್ಲ, ಆಗುವಂತೆಯೂ ಇಲ್ಲ.

ಹೆಡ್‌ನ ಉದ್ದದ್ದು ಬೇರೆಯೇ ಪ್ರಶ್ನೆ. 30ರಿಂದ 35 ಅಡಿಯ ಗಿಡ್ಡ ಹೆಡ್ ರಾಡಿನಿಂದ ಬೇಗ ಹೊರಬಂದು, ಒಂದೆರಡು ಬೀಸಿಗೆ ರಾಡನ್ನು ಬಾಗಿಸಿ, ತೆಳು ರನ್ನಿಂಗ್ ಲೈನನ್ನು ತನ್ನ ಹಿಂದೆ ಎಳೆದುಕೊಂಡು ಹಾರುತ್ತದೆ. ದೋಣಿಯ ಮೇಲಿಂದ ಅಥವಾ ಹಿಂದೆ ಮರಗಳಿರುವ ದಡದಿಂದ ಎಸೆಯುವವರಿಗೆ, ಕಲಿಯುತ್ತಿರುವವರಿಗೆ ಇದು ಅನುಕೂಲ. ಆದರೆ ಹರಿಯುವ ನೀರಿನಲ್ಲಿ ಎಸೆತ ಮುಗಿದ ಮೇಲೂ ಕೆಲಸ ಇರುತ್ತದೆ. ನೀರಿನ ಸೆಳೆತ ಲೈನಿನ ನಡುಭಾಗವನ್ನು ಎಳೆದು ಫ್ಲೈಯನ್ನು ಅಸಹಜವಾಗಿ ಓಡಿಸದಂತೆ, ಲೈನನ್ನು ಎತ್ತಿ ಪ್ರವಾಹದ ಮೇಲುದಿಕ್ಕಿಗೆ ಮಡಿಸಿ ಇಡಬೇಕು. ಮೆಂಡಿಂಗ್ ಎನ್ನುವುದು ಇದಕ್ಕೇ. ರಾಡಿನ ತುದಿಯ ಬಳಿ ಇರುವುದು ದಪ್ಪ ಬೆಲ್ಲಿಯಾದರೆ ಮಣಿಕಟ್ಟಿನ ತಿರುವು ದೂರದವರೆಗೆ ಸಾಗುತ್ತದೆ, ತೆಳು ರನ್ನಿಂಗ್ ಲೈನ್ ಆದರೆ ತೆಳು ಭಾಗ ಮಾತ್ರ ಏಳುತ್ತದೆ, ಆಚೆಯ ದಪ್ಪ ಭಾಗ ನೀರಿನಲ್ಲೇ ಬಿದ್ದಿರುತ್ತದೆ. ಗಾಳಿಯಲ್ಲೂ ಅಷ್ಟೇ: ಹೆಡ್ ಪೂರ್ತಿ ಹೊರಬಂದು ರನ್ನಿಂಗ್ ಲೈನ್ ಕೂಡ ಕೆಲವು ಅಡಿ ಹೊರಗಿರುವಾಗ ಬೀಸುತ್ತಲೇ ಇದ್ದರೆ, ತೆಳು ಭಾಗ ದಪ್ಪ ಭಾಗಕ್ಕೆ ಶಕ್ತಿ ದಾಟಿಸಲಾರದೆ ಕುಣಿಕೆ ಮುರಿದು ಬೀಳುತ್ತದೆ. ಹೀಗಾಗಿ 40 ಅಡಿಯಾಚೆ ಮೆಂಡ್ ಮಾಡುವವರು 45 ಅಡಿ ಅಥವಾ ಅದಕ್ಕೂ ಉದ್ದದ ಹೆಡ್ ನೋಡಬೇಕು. ಇಲ್ಲವೇ ಈಗ ಹಳೆಯ ಶೈಲಿ ಎನಿಸಿಕೊಂಡಿರುವ ಡಬಲ್ ಟೇಪರನ್ನು ಪರಿಶೀಲಿಸಬೇಕು. ಎರಡೂ ತುದಿ ಸಣ್ಣ, ನಡುವೆಲ್ಲ ಒಂದೇ ದಪ್ಪ ಇರುವ ಆ ಲೈನು ದೂರಕ್ಕೆ ಜಾರುವುದಿಲ್ಲ, ರೀಲಿನಲ್ಲಿ ಹೆಚ್ಚು ಜಾಗ ತಿನ್ನುತ್ತದೆ, ಆದರೆ ಲೈನನ್ನು ಹಿಂದಕ್ಕೆ ಬೀಸದೆ ನೀರಿನ ಮೇಲಿಂದಲೇ ಉರುಳಿಸುವ ರೋಲ್ ಕಾಸ್ಟ್‌ಗೂ ಮೆಂಡಿಂಗ್‌ಗೂ ಬಹಳ ಚೆನ್ನಾಗಿ ಒಗ್ಗುತ್ತದೆ. ಒಂದು ತುದಿ ಸವೆದರೆ ತಿರುಗಿಸಿ ಇನ್ನೊಂದು ತುದಿಯನ್ನು ಬಳಸಬಹುದು. ಚಿಕ್ಕ ತೊರೆಗಳಲ್ಲಿ ಹತ್ತಿರದಲ್ಲೇ ಮೀನು ಹಿಡಿಯುವವರು ಇದನ್ನು ಬಿಟ್ಟು ವೇಟ್ ಫಾರ್ವರ್ಡನ್ನು ಏಕೆ ಕೊಳ್ಳುತ್ತಾರೆ ಎಂಬುದು ನನಗೆ ಅರ್ಥವಾಗಿಲ್ಲ. ಆ ದೂರದಲ್ಲಿ ರನ್ನಿಂಗ್ ಲೈನ್ ರೀಲಿನಿಂದ ಹೊರಗೆ ಬರುವುದೇ ಇಲ್ಲ.

ಹವೆಯ ವಿಷಯವನ್ನು ಕೊಳ್ಳುವವರು ಸಾಮಾನ್ಯವಾಗಿ ಕಡೆಗಣಿಸುತ್ತಾರೆ. ತಣ್ಣೀರಿಗೆ ಮಾಡಿದ ಕೋಟಿಂಗ್ ಚಳಿಯಲ್ಲೂ ಮೆತ್ತಗಿರಬೇಕು. ಅದನ್ನೇ ಸುಡು ಬಿಸಿಲಿಗೆ ಒಯ್ದರೆ ಇನ್ನಷ್ಟು ಮೆತ್ತಗಾಗಿ, ಅಂಟಂಟಾಗಿ ರಾಡಿನ ಉಂಗುರಗಳಲ್ಲಿ ಜಾರದೆ ಎಸೆತ ಗಿಡ್ಡವಾಗುತ್ತದೆ. ಉಷ್ಣವಲಯಕ್ಕೆಂದು ಮಾಡಿದ ಗಡುಸು ಲೈನನ್ನು ತಣ್ಣೀರಿನಲ್ಲಿ ಬಳಸಿದರೆ ರೀಲಿನಿಂದ ಸ್ಪ್ರಿಂಗಿನಂತೆ ಸುರುಳಿ ಸುರುಳಿಯಾಗಿ ಬರುತ್ತದೆ, ಎಷ್ಟು ಎಳೆದರೂ ನೇರವಾಗುವುದಿಲ್ಲ. ಟ್ರೌಟ್, ಬಾಸ್, ಬೋನ್‌ಫಿಶ್ ಎಂದು ಲೈನುಗಳಿಗೆ ಮೀನಿನ ಹೆಸರಿಡುವ ಪದ್ಧತಿಯಲ್ಲಿ ಮಾರಾಟದ ಜಾಣ್ಮೆ ಸಾಕಷ್ಟಿದ್ದರೂ, ಕೋಟಿಂಗ್ ಯಾವ ಹವೆಗೆ ಎಂಬ ಸುಳಿವು ಅದರಲ್ಲೇ ಸಿಗುತ್ತದೆ. ಬಿಸಿ ನೀರಿನ ಕೆರೆಯಲ್ಲಿ ಬೇರೆ ಮೀನು ಹಿಡಿಯುವವರಿಗೆ ಟ್ರೌಟ್ ಲೈನಿಗಿಂತ ಬಿಸಿ ಹವೆಯ ಲೈನೇ ಹೊಂದುತ್ತದೆ, ಹೆಸರಿನಲ್ಲಿ ಯಾವ ಮೀನಾದರೂ ಇರಲಿ.

ಮುಳುಗುವ ಲೈನುಗಳಲ್ಲಿ ವೇಗವನ್ನು ಸೆಕೆಂಡಿಗೆ ಎಷ್ಟು ಇಂಚು ಎಂದು ಹೇಳುತ್ತಾರೆ. ಇಂಟರ್‌ಮೀಡಿಯೆಟ್ ಎಂಬುದು ಸುಮಾರು 1ರಿಂದ 2 ಇಂಚು. ಟೈಪ್ 3 ಎಂಬುದು 3ರ ಹತ್ತಿರ. ಟೈಪ್ 6 ಎಂದರೆ 6 ಇಂಚಿನಷ್ಟು. ಇಲ್ಲಿ ಹಣ ಹೆಚ್ಚು ಕೊಡಲು ನಿಜವಾದ ಒಂದು ಕಾರಣ ಇದೆ. ಲೈನಿನುದ್ದಕ್ಕೂ ಸಾಂದ್ರತೆ ಒಂದೇ ಇದ್ದರೆ ದಪ್ಪ ಬೆಲ್ಲಿ ತೆಳು ತುದಿಗಿಂತ ಬೇಗ ಮುಳುಗಿ, ಲೈನು ನೀರೊಳಗೆ ಜೋತುಬಿದ್ದು, ಮೀನು ಕಚ್ಚಿದ್ದು ಕೈಗೆ ತಡವಾಗಿ ತಿಳಿಯುತ್ತದೆ. ತುದಿಯ ಕಡೆಗೆ ಟಂಗ್‌ಸ್ಟನ್ ಪ್ರಮಾಣವನ್ನು ಹೆಚ್ಚಿಸಿ ಇದನ್ನು ಸರಿಪಡಿಸಿದ ಲೈನುಗಳು ತುದಿಯಿಂದ ಹಿಡಿದು ನೇರವಾಗಿ ಇಳಿಯುತ್ತವೆ. ಆಳದಲ್ಲಿ ಮೀನು ಹಿಡಿಯುವವರು ಇದಕ್ಕಿಂತ ಕಡಿಮೆಗೆ ಒಪ್ಪಬಾರದು.

ತೇಲುವ ಲೈನುಗಳಲ್ಲಿ ಬೆಲೆ ಏರಿಸುವ ಉಳಿದ ಗುಣಗಳು ಬಹುಮಟ್ಟಿಗೆ ಮೇಲ್ಮೈಗೆ ಸಂಬಂಧಿಸಿದವು. ಜಾರುವ ವಸ್ತುಗಳನ್ನು ಕೋಟಿಂಗ್‌ನಲ್ಲೇ ಬೆರೆಸಿದ ಲೈನು ಮೇಲೆ ಸವರಿದ ಎಣ್ಣೆಗಿಂತ ಬಹುಕಾಲ ನುಣುಪಾಗಿರುತ್ತದೆ. ಒರಟು ವಿನ್ಯಾಸದ ಮೇಲ್ಮೈ ಇರುವ ಲೈನು ರಾಡಿನ ಉಂಗುರಗಳಿಗೆ ಕಡಿಮೆ ತಾಗಿ ಕಡಿಮೆ ಘರ್ಷಣೆಯಿಂದ ಹೋಗುತ್ತದೆ, ಆದರೆ ಸದ್ದು ಮಾಡುತ್ತದೆ, ಇಡೀ ದಿನ ಎಳೆದರೆ ಬೆರಳನ್ನು ಸವೆಸುತ್ತದೆ. ಆ ಸದ್ದನ್ನು ಸಹಿಸಲಾರದವರಿಗೆ ಅದರ ಲಾಭ ದಕ್ಕುವುದಿಲ್ಲ. ತುದಿಯಲ್ಲಿ ಕಾರ್ಖಾನೆಯಲ್ಲೇ ಬೆಸೆದ ಲೂಪ್ ಇದ್ದರೆ ಲೀಡರ್ ಬದಲಿಸುವುದು ಸುಲಭ, ಕೋರಿಗೆ ನೀರು ಹೋಗುವ ದಾರಿಯೂ ಮುಚ್ಚಿರುತ್ತದೆ. ಹೆಡ್ ಒಂದು ಬಣ್ಣ, ರನ್ನಿಂಗ್ ಲೈನ್ ಇನ್ನೊಂದು ಬಣ್ಣ ಇರುವುದು ಅಲಂಕಾರವೆಂದು ತೋರಿದರೂ ಹೆಡ್ ಎಲ್ಲಿ ಮುಗಿಯಿತು ಎಂದು ಕಣ್ಣಿಗೆ ತಿಳಿಯುವುದು ಕಲಿಯುವವರಿಗೆ ದೊಡ್ಡ ಉಪಕಾರ. ಬಣ್ಣದಿಂದ ಮೀನು ಹೆದರುತ್ತದೆಯೇ ಎಂಬ ಚರ್ಚೆಗೆ ಕೊನೆಯಿಲ್ಲ. ಉದ್ದ ಲೀಡರ್ ಬಳಸುವವರು ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಕೊಳ್ಳುವ ಮೊದಲು ಹಳೆಯ ಲೈನನ್ನು ಒಮ್ಮೆ ತೊಳೆದು ನೋಡಿ. ಪಾಚಿ, ಮಣ್ಣು, ಉಪ್ಪು ಸೇರಿ ಕಟ್ಟಿದ ತೆಳು ಪದರವೇ ಲೈನು ಜಾರದಿರಲು, ತುದಿ ಮುಳುಗಲು ಅನೇಕ ಸಲ ಕಾರಣ. ಉಗುರು ಬೆಚ್ಚನೆಯ ನೀರಿಗೆ ಸ್ವಲ್ಪ ಸೌಮ್ಯ ಸೋಪು ಹಾಕಿ, ಲೈನನ್ನು ದೊಡ್ಡ ಸುರುಳಿಗಳಾಗಿ ನೆನೆಸಿ, ಮೆತ್ತನೆಯ ಬಟ್ಟೆಯ ನಡುವೆ ಎಳೆದು, ಶುದ್ಧ ನೀರಿನಲ್ಲಿ ಜಾಲಿಸಿದರೆ ಬಟ್ಟೆಯ ಮೇಲೆ ಉಳಿಯುವ ಕಪ್ಪು ಗೆರೆಯೇ ಉತ್ತರ ಹೇಳುತ್ತದೆ. ಆಮೇಲೆ ಕೆಲವು ಅಡಿಗಳಂತೆ ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಎಳೆದು ಬಿಟ್ಟರೆ ಸುರುಳಿಯ ನೆನಪು ಹೋಗುತ್ತದೆ. ಇಷ್ಟಾದ ಮೇಲೂ ಬೆರಳಿಗೆ ಬಿರುಕುಗಳು ತಗಲಿದರೆ, ಅವು ಹೆಡ್‌ನಲ್ಲೇ ಇದ್ದರೆ, ಆ ಲೈನಿನ ಕಾಲ ಮುಗಿದಿದೆ. ಹೊಸದರ ಆಯುಷ್ಯವನ್ನು ಅತಿ ಬೇಗ ಕಡಿಮೆ ಮಾಡುವುದು ಡೀಟ್ ಇರುವ ಸೊಳ್ಳೆ ನಿವಾರಕ. ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಹಚ್ಚಿದ ಕೈಯನ್ನು ತೊಳೆಯದೆ ಲೈನು ಮುಟ್ಟಬಾರದು. ಸನ್‌ಸ್ಕ್ರೀನ್ ವಿಷಯದಲ್ಲೂ ಅದೇ ಎಚ್ಚರ ಬೇಕು, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ರೀಲನ್ನು ಬಿಡುವುದೂ ತಪ್ಪು.

ಹೊಸ ಲೈನನ್ನು ರೀಲಿಗೆ ಏರಿಸುವಾಗ ಜಾಗದ ಲೆಕ್ಕ ಬೇರೆಯಾಗಿರುತ್ತದೆ. ಭಾರದ ಲೈನು ದಪ್ಪವೂ ಹೌದು. ಲೈನಿನ ಹಿಂದೆ ರೀಲಿಗೆ ಮೊದಲು ಸುತ್ತುವ ತೆಳು ದಾರವಾದ ಬ್ಯಾಕಿಂಗನ್ನು ಹಳೆಯ ಲೈನಿನ ಕೆಳಗಿದ್ದಷ್ಟೇ ಉಳಿಸಿದರೆ ರೀಲಿನ ಚೌಕಟ್ಟಿಗೆ ಲೈನು ಉಜ್ಜಬಹುದು, ಆಗ ಕೆಲವು ಮೀಟರ್ ಬ್ಯಾಕಿಂಗ್ ಕತ್ತರಿಸಬೇಕು. ವೇಟ್ ಫಾರ್ವರ್ಡ್ ಲೈನಿನ ಹಿಂಬದಿಗೆ, ಈ ತುದಿ ರೀಲಿಗೆ ಎಂಬ ಚೀಟಿ ಅಂಟಿರುತ್ತದೆ. ಬ್ಯಾಕಿಂಗ್ ಕಟ್ಟಬೇಕಾದ್ದು ಅಲ್ಲಿಗೇ. ಲೈನು ಬಂದ ಪ್ಲಾಸ್ಟಿಕ್ ಸುರುಳಿಯನ್ನು ನೆಲದ ಮೇಲೆ ಮಲಗಿಸಿ ಎಳೆದರೆ ಪ್ರತಿ ಸುತ್ತಿಗೂ ಒಂದು ತಿರುಚು ಸೇರುತ್ತದೆ. ಅದನ್ನು ಪೆನ್ಸಿಲ್ಲಿಗೆ ಸಿಕ್ಕಿಸಿ ಇನ್ನೊಬ್ಬರು ಹಿಡಿದುಕೊಂಡು ಗಾಲಿಯಂತೆ ತಿರುಗಲು ಬಿಟ್ಟು, ಬೆರಳುಗಳ ನಡುವೆ ಸಮನಾದ ಬಿಗಿಯಲ್ಲಿ ಸುತ್ತಿಕೊಳ್ಳಬೇಕು. ಪೆಟ್ಟಿಗೆಯೊಳಗೆ ಬರುವ ಪುಟ್ಟ ಅಂಟುಚೀಟಿಯನ್ನು ರೀಲಿಗೆ ಹಚ್ಚಿ, ಅದರ ಮೇಲೆ ಅಂಕಿಯ ಜೊತೆಗೆ ಗ್ರೇನ್ ತೂಕವನ್ನೂ ಹೆಡ್‌ನ ಉದ್ದವನ್ನೂ ಬರೆದಿಟ್ಟರೆ ಮುಂದಿನ ಲೈನು ಕೊಳ್ಳುವಾಗ ಹೋಲಿಸಲು ಆಧಾರ ಸಿಗುತ್ತದೆ.